ಪೈಪು ಎತ್ತಲು ಆರು ಜನ

ಕರೇಕಲ್ಲುಪಾಳ್ಯದ ಬೋರ್‌ವೆಲ್ ಕೆಟ್ಟು ಎರಡು ವಾರವಾದ ಮೇಲೆ ದುರಸ್ತಿಯ ಜೀಪು ಆ ಊರಿಗೆ ಹೋಯಿತು. ಅದು ೧೯೮೪ರ ಏಪ್ರಿಲ್. ಗುಬ್ಬಿ ತಾಲ್ಲೂಕಿನ ಊರೂರಲ್ಲಿ ಕೈಪಂಪುಗಳು ಕೆಟ್ಟು ನಿಂತಿದ್ದವು. ತಾಲ್ಲೂಕಿಗೆಲ್ಲ ಇದ್ದದ್ದು ಒಂದೇ ಜೀಪು.

ಜೀಪಿನಲ್ಲಿ ಮೂರು ಜನ. ಮೆಕ್ಯಾನಿಕ್ ಚನ್ನವೀರಯ್ಯ, ಇಪ್ಪತ್ತನಾಲ್ಕು ವರ್ಷದವನು, ಐಟಿಐ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಫಿಟ್ಟರ್ ಅಂಜಿನಪ್ಪನಿಗೆ ನಲವತ್ತು ದಾಟಿತ್ತು. ಊರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆ. ಡ್ರೈವರ್ ವೆಂಕಟಯ್ಯ ಜೀಪು ನಿಂತ ಕಡೆ ನೆರಳು ಹುಡುಕಿ ನಿದ್ದೆ ಮಾಡುವವನು.

ಚನ್ನವೀರಯ್ಯ ಬೆಳಿಗ್ಗೆಯಿಂದಲೇ ದಣಿದಿದ್ದ. ವಾರದಿಂದ ದಿನಕ್ಕೆ ಎರಡು ಊರು. ಹೋದಲ್ಲೆಲ್ಲ ಅದೇ ಖಾಲಿ ಬಿಂದಿಗೆಗಳ ಸಾಲು, ಇಷ್ಟು ದಿನ ಎಲ್ಲಿ ಹೋಗಿದ್ರಿ ಎಂಬ ಅದೇ ಪ್ರಶ್ನೆ. ರಾತ್ರಿ ಕೋಣೆಗೆ ಬಂದರೆ ಅನ್ನ ಮಾಡಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಭಾನುವಾರ ಮಾತ್ರ ಯುವಕರ ಸಂಘವೊಂದರ ಸಭೆಗೆ ತಪ್ಪದೆ ಹೋಗುತ್ತಿದ್ದ. ಹಿಂದಿನ ಭಾನುವಾರ ಅಲ್ಲಿ ಜಾತಿಯ ಬಗ್ಗೆ ಅವನೇ ಮಾತಾಡಿದ್ದ, ಚಪ್ಪಾಳೆಯೂ ಬಿದ್ದಿತ್ತು. ಆ ಸಂಗತಿ ಗೊತ್ತಾದ ದಿನದಿಂದ ವೆಂಕಟಯ್ಯ ಅವನನ್ನು ‘ಭಾಷಣದ ಸಾಮಿ’ ಎಂದು ಕರೆಯಲು ಶುರುಮಾಡಿದ್ದ.

ಚನ್ನವೀರಯ್ಯನ ಮನೆತನ ಲಿಂಗಾಯತರದು. ತಂದೆ ಒಂದು ಸಣ್ಣ ಮಠದ ಜಮೀನು ನೋಡಿಕೊಳ್ಳುತ್ತಿದ್ದರು. ಅಂಜಿನಪ್ಪ ಹುಟ್ಟಿದ್ದು ಹರಿಜನ ಕಾಲೋನಿಯಲ್ಲಿ. ಈ ಸಂಗತಿ ಜೀಪಿನ ಒಳಗೆ ಎಲ್ಲರಿಗೂ ಗೊತ್ತಿತ್ತು, ಜೀಪಿನ ಹೊರಗೆ ಯಾರಿಗೂ ಇಲ್ಲ. ಖಾಕಿ ಅಂಗಿ, ಸರ್ಕಾರಿ ಜೀಪು, ಕೈಯಲ್ಲಿ ಪೈಪ್ ರೆಂಚು ಇದ್ದವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಂಜಿನಪ್ಪನೂ ತನ್ನ ಕಡೆಯಿಂದ ಒಂದು ನಿಯಮ ಇಟ್ಟುಕೊಂಡಿದ್ದ. ಯಾರು ಕರೆದರೂ ಯಾರ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದುಬಿಡುತ್ತಿದ್ದ.

ಕರೇಕಲ್ಲುಪಾಳ್ಯದ ಪಂಪು ಊರ ನಡುವೆ, ಲಿಂಗಾಯತರ ಹಿರಿಯರಾದ ಗುಂಡಯ್ಯನವರ ಮನೆಯೆದುರಿಗಿತ್ತು. ಹಿಡಿ ಹಗುರವಾಗಿ ಮೇಲೆ ಕೆಳಗೆ ಆಡುತ್ತಿತ್ತು, ನೀರು ಬರುತ್ತಿರಲಿಲ್ಲ. ಎಂದರೆ ತಳದ ಸಿಲಿಂಡರಿನೊಳಗಿನ ವಾಷರ್ ಸವೆದಿದೆ. ಅದನ್ನು ಬದಲಿಸಲು ಕೊಳವೆಬಾವಿಯೊಳಗಿನ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಕನಿಷ್ಠ ಆರು ಆಳಿನ ಕೆಲಸ. ಇಲಾಖೆ ಕೊಡುವುದು ಇಬ್ಬರನ್ನು. ಉಳಿದವರನ್ನು ಊರು ಕೊಡಬೇಕು ಎಂಬುದು ನಡೆದುಬಂದ ಪದ್ಧತಿ.

ಅವತ್ತು ಊರಿನಲ್ಲಿ ಗಂಡಸರಿರಲಿಲ್ಲ. ಮದುವೆಯ ದಿಬ್ಬಣ ಲಾರಿ ಹತ್ತಿ ಗುಬ್ಬಿಗೆ ಹೋಗಿತ್ತು. ಉಳಿದವರು ಗುಂಡಯ್ಯ, ಅವರ ಹೆಂಡತಿ ಕಲ್ಲಮ್ಮ, ಕೆಲವು ಮುದುಕರು, ಮಕ್ಕಳು. ಜೀಪಿನ ಸದ್ದು ಕೇಳಿ ಊರಾಚೆಯ ಹರಿಜನ ಕಾಲೋನಿಯಿಂದ ಹೆಂಗಸರು ಬಿಂದಿಗೆ ಹಿಡಿದು ಬಂದು ದೂರದ ಹೊಂಗೆ ಮರದ ಕೆಳಗೆ ಕೂತರು. ಊರಿನವರ ಸರದಿ ಮುಗಿದ ಮೇಲೆ ಯಾರಾದರೂ ಹಿಡಿ ಒತ್ತಿ ಅವರ ಬಿಂದಿಗೆ ತುಂಬಿಸುವುದು ಅಲ್ಲಿಯ ರೂಢಿ. ಪಂಪು ಕೆಟ್ಟಾಗಿನಿಂದ ಅವರು ಕೆರೆಯಂಗಳದ ಗುಂಡಿಯ ನೀರು ಕುಡಿಯುತ್ತಿದ್ದರು. ಆ ಹೆಂಗಸರಲ್ಲಿ ಪುಟ್ಟಗಂಗಮ್ಮ ಎಂಬಾಕೆ ಅಂಜಿನಪ್ಪನನ್ನು ಗುರುತು ಹಿಡಿದಳು. ಆಕೆಯ ತವರು ಅವನ ಊರಿನ ಪಕ್ಕದ್ದೇ. ಅವನು ಜೀಪಿನಿಂದ ಸಾಮಾನು ಇಳಿಸುವಾಗ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಅವನ ತಾಯಿಗೆ ಈಗ ಕಣ್ಣು ಕಾಣುತ್ತದೆಯೇ ಎಂದು ವಿಚಾರಿಸಿ ಹೋದಳು. ಪುಟ್ಟಗಂಗಮ್ಮ, ನಮ್ಮ ಪಕ್ಕದೂರಿನವಳು ಎಂದು ಅಂಜಿನಪ್ಪ ಚನ್ನವೀರಯ್ಯನಿಗೆ ಮೆಲ್ಲಗೆ ತಿಳಿಸಿದ.

ಹೆಂಗಸರ ಹಿಂದೆಯೇ ಕಾಲೋನಿಯ ಐದಾರು ಗಂಡಸರೂ ಬಂದಿದ್ದರು. ಅವತ್ತು ಕೂಲಿ ಸಿಕ್ಕಿರಲಿಲ್ಲ. ತಾವೇ ಪೈಪು ಎತ್ತಿಕೊಡುತ್ತೇವೆ ಎಂದರು. ಚನ್ನವೀರಯ್ಯನಿಗೆ ಸಮಾಧಾನವಾಯಿತು. ಮಧ್ಯಾಹ್ನದೊಳಗೆ ಇಲ್ಲಿಂದ ಬಿಟ್ಟರೆ ಇನ್ನೊಂದು ಊರು ಮುಗಿಸಬಹುದಿತ್ತು. ಬನ್ನಿ ಎಂದು ಅವನು ಕೈಬೀಸುವ ಹೊತ್ತಿಗೆ ಗುಂಡಯ್ಯ ಜಗುಲಿಯಿಂದ ಇಳಿದು ಬಂದರು.

ಅವರು ಗದರಲಿಲ್ಲ. ದಿಬ್ಬಣ ಮೂರು ಗಂಟೆಗೆಲ್ಲ ವಾಪಸು ಬರುತ್ತದೆ, ಅಲ್ಲಿಯವರೆಗೆ ತಡೆಯಿರಿ ಎಂದರು. ಚನ್ನವೀರಯ್ಯ ತನಗೆ ಇನ್ನೊಂದು ಊರಿದೆ ಎಂದ. ಗುಂಡಯ್ಯ ತಲೆಯಾಡಿಸಿದರು. ಹೊರಗಿನ ಹಿಡಿಯಾದರೆ ತೊಳೆದುಕೊಳ್ಳಬಹುದು, ನೀರಿನೊಳಗೆ ಇಳಿಯುವ ಪೈಪನ್ನು ಅವರು ಮುಟ್ಟಿದರೆ ನಾಳೆ ಹೆಂಗಸರು ಒಬ್ಬರೂ ಇಲ್ಲಿ ನೀರು ಹಿಡಿಯುವುದಿಲ್ಲ ಎಂದು ವಿವರಿಸಿದರು.

“ನಂದೇನೂ ಇಲ್ಲ ಕಣಪ್ಪ,” ಎಂದರು. “ನಾಳೆ ಊರು ನನ್ನ ಕೇಳ್ತದೆ. ನೀವು ಜೀಪು ಹತ್ತಿ ಹೋಗೋರು.”

ಕಾಲೋನಿಯ ಗಂಡಸರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಅಂಜಿನಪ್ಪ ಪಂಪಿನ ತಲೆಯ ಬೋಲ್ಟುಗಳನ್ನು ಬಿಚ್ಚುತ್ತಿದ್ದ. ಬಿಡಿ, ಮೂರು ಗಂಟೆಗೇ ಆಗಲಿ ಎಂದು ಚನ್ನವೀರಯ್ಯನಿಗಷ್ಟೇ ಕೇಳುವಂತೆ ಹೇಳಿದ. ಆದರೆ ಚನ್ನವೀರಯ್ಯನಿಗೆ ಭಾನುವಾರದ ಮಾತುಗಳು ಇನ್ನೂ ಬಾಯಲ್ಲಿದ್ದವು. ಅವನು ಚೀಲಕ್ಕೆ ಕೈಹಾಕಿ ಒಂದು ಹೊಸ ವಾಷರ್ ತೆಗೆದ. ಅಂಗೈಯಷ್ಟು ಅಗಲವೂ ಇಲ್ಲದ, ಬಟ್ಟಲಿನ ಆಕಾರದ ಕಂದು ತುಂಡು.

“ಇದೇನು ಗೊತ್ತಾ ಗುಂಡಯ್ಯನೋರೆ? ಚರ್ಮ. ಪಂಪು ಹಾಕಿದ ದಿವಸದಿಂದ ಇಂಥದ್ದೇ ನಿಮ್ಮ ನೀರೊಳಗೆ ಕೂತೈತೆ. ಇದನ್ನ ಮುಟ್ಟಿ ಬಂದ ನೀರು ಕುಡಿದ್ರಿ. ಅವರು ಪೈಪು ಮುಟ್ಟಿದ್ರೆ ಏನು ಹೋಯ್ತು?”

ಜಗುಲಿಯ ಮೇಲಿದ್ದ ಮುದುಕರು ಎದ್ದು ಬಂದು ನೋಡಿದರು. ಕಲ್ಲಮ್ಮ ಬಾಗಿಲಿಗೆ ಬಂದು ನಿಂತರು. ಗುಂಡಯ್ಯ ವಾಷರನ್ನು ಮುಟ್ಟದೆ, ಬಗ್ಗಿ, ಸಾಕಷ್ಟು ಹೊತ್ತು ನೋಡಿದರು. ತಾನು ಗೆದ್ದೆ ಎಂದೇ ಚನ್ನವೀರಯ್ಯ ತಿಳಿದ.

“ಅದು ಕಂಪ್ನಿಯೋರು ಮಾಡಿ ಕಳಿಸಿದ್ದು. ನಮ್ಗೇನು ಗೊತ್ತು,” ಎಂದರು ಗುಂಡಯ್ಯ. “ಈಗ ಗೊತ್ತಾಯ್ತು. ಅದನ್ನ ಒಳಗೆ ಹಾಕೋರು ಯಾರು?”

“ಯಾರು ಅಂದ್ರೆ? ನಾವೇ. ಈ ಅಂಜಿನಪ್ಪಣ್ಣ ಹಾಕ್ತಾರೆ.”

ಮಾತು ಬಾಯಿಂದ ಬಿದ್ದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಹೊಳೆಯಿತು. ಎಲ್ಲರೂ ಅಂಜಿನಪ್ಪನ ಕಡೆ ತಿರುಗಿದ್ದರು. ಅವನು ಬಂದಾಗಿನಿಂದ ಯಾರೂ ಅವನ ಮುಖ ನೋಡಿರಲಿಲ್ಲ, ಈಗ ನೋಡಿದರು.

“ನಿಮ್ದು ಯಾವೂರಾಯ್ತಪ್ಪ?” ಗುಂಡಯ್ಯ ಮರ್ಯಾದೆಯಿಂದಲೇ ಕೇಳಿದರು.

“ಕುಣಿಗಲ್ ಕಡೆ.”

“ಯಾರ ಪೈಕಿ?”

ಅಂಜಿನಪ್ಪ ರೆಂಚನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತ. ಹೊಂಗೆ ಮರದ ಕೆಳಗೆ ಪುಟ್ಟಗಂಗಮ್ಮ ಬಿಂದಿಗೆಯ ಕಂಠ ಹಿಡಿದು ಕೂತಿದ್ದಳು. ಅಂಜಿನಪ್ಪ ಬಾಯಿ ತೆರೆಯುವ ಮೊದಲೇ ಚನ್ನವೀರಯ್ಯ ಉತ್ತರ ಕೊಟ್ಟುಬಿಟ್ಟ.

“ನಮ್ಮೋರೇ. ನಮ್ಮ ಮಠದ ಕಡೆಯೋರೇ.”

“ಅಂಜಿನಪ್ಪ ಅಂದ್ರಲ್ಲ?”

“ಆಂಜನೇಯನ ಹರಕೆ ಹೆಸರು. ಮಕ್ಕಳು ನಿಲ್ತಿರ್ಲಿಲ್ಲ ಅಂತ ಇಟ್ಟಿದ್ದು.”

ಗುಂಡಯ್ಯನವರ ಮುಖ ಸಡಿಲವಾಯಿತು. ಹಾಗೆ ಹೆಸರಿಡುವುದುಂಟು, ನಮ್ಮ ಚಿಕ್ಕಪ್ಪನ ಮಗನಿಗೂ ಹಾಗೇ ಇಟ್ಟಿದ್ದರು ಎಂದು ಪಕ್ಕದ ಮುದುಕರಿಗೆ ತಿಳಿಸಿದರು. ವಾಷರಿನ ಸಂಗತಿ ಅಲ್ಲಿಗೇ ಬಿದ್ದುಹೋಯಿತು. ನಮ್ಮವರೇ ಹಾಕುವುದಾದರೆ ಹಾಕಲಿ, ಪೈಪನ್ನು ದಿಬ್ಬಣದವರು ಬಂದು ಎತ್ತಲಿ ಎಂದು ತೀರ್ಮಾನವಾಯಿತು. ಕಾಲೋನಿಯ ಗಂಡಸರು ಎದ್ದು ಪಂಚೆಯ ಮಣ್ಣು ಕೊಡವಿಕೊಂಡು ಹೋದರು. ಹೆಂಗಸರು ಹೋಗಲಿಲ್ಲ.

ಆಮೇಲೆ ಗುಂಡಯ್ಯ ಇಬ್ಬರನ್ನೂ ಊಟಕ್ಕೆ ಕರೆದರು.

ಅಂಜಿನಪ್ಪ ಹೊಟ್ಟೆ ಸರಿಯಿಲ್ಲ ಎಂದ. ಕಲ್ಲಮ್ಮ ಬಿಡಲಿಲ್ಲ. ಮನೆಯೆದುರು ಬಂದ ನಮ್ಮವರು ಉಪವಾಸ ಹೋದರೆ ಹೇಗೆ, ಮಜ್ಜಿಗೆ ಅನ್ನವನ್ನಾದರೂ ಉಣ್ಣಿ ಎಂದು ಚೊಂಬಿನಲ್ಲಿ ಕಾಲಿಗೆ ನೀರು ತಂದಿಟ್ಟರು. ಎರಡು ವಾರದಿಂದ ನೀರಿಲ್ಲದ ಊರಿನಲ್ಲಿ ಕಾಲು ತೊಳೆಯಲು ಕೊಟ್ಟ ನೀರು. ಬೇಡವೆಂದರೆ ಮತ್ತೆ ಪ್ರಶ್ನೆಗಳು ಏಳುತ್ತಿದ್ದವು. ಅಂಜಿನಪ್ಪ ಒಮ್ಮೆ ಚನ್ನವೀರಯ್ಯನನ್ನು ನೋಡಿ, ಕಾಲು ತೊಳೆದುಕೊಂಡು, ಹೊಸ್ತಿಲು ದಾಟಿದ. ವೆಂಕಟಯ್ಯ ಜೀಪಿನಲ್ಲೇ ಇದ್ದ. ಅವನನ್ನು ಯಾರೂ ಒಳಗೆ ಕರೆಯಲಿಲ್ಲ, ಅವನೂ ಕಣ್ಣು ತೆರೆಯಲಿಲ್ಲ.

ನಡುಮನೆಯಲ್ಲಿ ಸಾಲಾಗಿ ಕೂತರು. ವಿಭೂತಿಯ ಗಟ್ಟಿ ಕೈಯಿಂದ ಕೈಗೆ ಬಂತು. ಅಂಜಿನಪ್ಪ ಹಣೆಗೆ ಇಟ್ಟುಕೊಂಡ. ಗುಂಡಯ್ಯ ಕೊರಳಿನ ಲಿಂಗವನ್ನು ತೆಗೆದು ಕಣ್ಣಿಗೊತ್ತಿಕೊಂಡರು, ಚನ್ನವೀರಯ್ಯನೂ ಹಾಗೇ ಮಾಡಿದ. ಅಂಜಿನಪ್ಪ ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ತಲೆ ಬಗ್ಗಿಸಿ ಕೂತಿದ್ದ. ಕಲ್ಲಮ್ಮ ಅದನ್ನು ಕಂಡರು.

“ಪೈಪು ಗೀಪು ಎತ್ತೋ ಕೆಲ್ಸ. ಲಿಂಗ ಮನೇಲೇ ಬಿಚ್ಚಿಟ್ಟಿರ್ತೀರೇನೋ ಪಾಪ,” ಎಂದು ಸಾರು ಬಡಿಸಿದರು.

ಚನ್ನವೀರಯ್ಯ ಹೌದೆಂದ. ನಮ್ಮಣ್ಣನ ಮಗಳನ್ನು ಕುಣಿಗಲ್ಲಿಗೇ ಕೊಟ್ಟಿದೆ, ನಿಮ್ಮ ಮನೆ ಯಾವ ಬೀದಿ, ಮನೆಯವರ ತವರು ಯಾವುದು ಎಂದು ಆಕೆ ಒಂದೊಂದಾಗಿ ಕೇಳುತ್ತಾ ಹೋದರು. ಅಕ್ಕರೆಯ ಪ್ರಶ್ನೆಗಳೇ. ಒಂದೊಂದಕ್ಕೂ ಚನ್ನವೀರಯ್ಯನೇ ಉತ್ತರ ಹುಡುಕಿ ಹೇಳಿದ. ಇವರಿಗೆ ಮಾತು ಕಮ್ಮಿ ಎಂದು ಕಲ್ಲಮ್ಮ ನಕ್ಕರು. ಅಂಜಿನಪ್ಪ ಮುದ್ದೆಯನ್ನು ಮುರಿದು ಮುರಿದು ನುಂಗುತ್ತಿದ್ದ. ಬೆನ್ನ ಮೇಲೆ ಖಾಕಿ ಅಂಗಿ ಪೂರ್ತಿ ಒದ್ದೆಯಾಗಿತ್ತು. ತೆರೆದ ಬಾಗಿಲಿನಿಂದ ಹೊಂಗೆ ಮರ ಕಾಣುತ್ತಿತ್ತು. ಎಂದರೆ ಅಲ್ಲಿಂದ ನಡುಮನೆಯೂ ಕಾಣುತ್ತಿತ್ತು.

ದಿಬ್ಬಣ ಬಂದದ್ದು ನಾಲ್ಕು ಗಂಟೆಯ ಮೇಲೆ. ಮದುವೆಯ ಊಟ ಉಂಡು ಬಂದ ಗಂಡಸರು ಹೊಸ ಪಂಚೆ ಬದಲಿಸಿ, ಎಲೆಯಡಿಕೆ ಅಗಿಯುತ್ತಲೇ ಪೈಪು ಎತ್ತಿದರು. ಅಂಜಿನಪ್ಪ ಸಿಲಿಂಡರ್ ಬಿಚ್ಚಿ ಹಳೆಯ ವಾಷರ್ ಕಿತ್ತು ಹೊಸದನ್ನು ಕೂರಿಸಿದ. ಯಾರೂ ಅಡ್ಡಿ ಹೇಳಲಿಲ್ಲ. ಸಂಜೆ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಊರಿನವರ ಬಿಂದಿಗೆಗಳು ತುಂಬಿದ ಮೇಲೆ ಕಾಲೋನಿಯ ಹೆಂಗಸರು ಹತ್ತಿರ ಬಂದರು. ದಿಬ್ಬಣದ ಹುಡುಗನೊಬ್ಬ ಹಿಡಿ ಒತ್ತಿದ. ಅಂಜಿನಪ್ಪ ಪಕ್ಕದಲ್ಲಿ ರೆಂಚುಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದ. ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಪುಟ್ಟಗಂಗಮ್ಮ ಅವನ ಮುಂದೆ ಹಾದುಹೋದಳು.

“ಊಟ ಆಯ್ತೇನಣ್ಣ?” ಎಂದಳು.

“ಆಯ್ತು ಕಣಕ್ಕ.”

ಗುಂಡಯ್ಯ ಜೀಪಿನವರೆಗೂ ಬಂದು, ಇನ್ನು ಮುಂದೆ ಈ ಕಡೆ ಬಂದಾಗಲೆಲ್ಲ ಇಲ್ಲೇ ಊಟವೆಂದು ಅಂಜಿನಪ್ಪನ ಕೈ ಹಿಡಿದು ಹೇಳಿದರು. ನಮ್ಮವರೊಬ್ಬರು ಜೀಪಿನಲ್ಲಿದ್ದಾರೆ ಎಂದು ಸುತ್ತಲಿನ ಊರುಗಳ ನೆಂಟರಿಗೂ ತಿಳಿಸುತ್ತೇನೆ ಎಂದರು.

ಜೀಪು ಗುಬ್ಬಿ ದಾಟಿತು. ವೆಂಕಟಯ್ಯನೇ ಮಾತು ಶುರುಮಾಡಿದ.

“ಭಾಷಣದ ಸಾಮಿ ಇವತ್ತು ಒಬ್ಬರಿಗೆ ದೀಕ್ಷೆ ಕೊಡಿಸಿಬಿಟ್ರು.”

ಚನ್ನವೀರಯ್ಯ, ತಾನು ಒಳ್ಳೆಯದಕ್ಕೆಂದೇ ಹೇಳಿದೆ, ಆ ಹೊತ್ತಿಗೆ ಬೇರೆ ಏನೂ ತೋಚಲಿಲ್ಲ ಎಂದ. ಅಂಜಿನಪ್ಪ ಹಣೆಯ ವಿಭೂತಿಯನ್ನು ಇನ್ನೂ ಒರೆಸಿರಲಿಲ್ಲ. ಬೆವರಿಗೆ ಅದು ಹುಬ್ಬಿನವರೆಗೂ ಇಳಿದಿತ್ತು.

“ಯಾರ ಪೈಕಿ ಅಂದಾಗ ನಾನೇ ಹೇಳ್ತಿದ್ದೆ,” ಎಂದ. “ಸಿಟ್ಟಾಗೋರು. ಪೈಪು ಮುಟ್ಟಬೇಡ ಅನ್ನೋರು. ನಾನು ಜೀಪಲ್ಲಿ ಕೂತಿರ್ತಿದ್ದೆ, ನಾಳೆ ಇನ್ನೊಂದೂರು. ಅಷ್ಟೇ ಆಗ್ತಿದ್ದಿದ್ದು. ಈಗ ಅವರ ನಡುಮನೇಲಿ ಕೂತು ಉಂಡಿದೀನಿ. ಗೊತ್ತಾದ್ರೆ ಸುಮ್ನೆ ಬಿಡ್ತಾರಾ ಚನ್ನವೀರಯ್ಯ?”

“ಯಾರು ಹೇಳ್ತಾರೆ? ಪುಟ್ಟಗಂಗಮ್ಮ ಹೇಳೋಳಲ್ಲ.”

“ಹೇಳೋಳಲ್ಲ. ಅದಕ್ಕೇ ಅವಳ ಮುಖ ನೋಡಕ್ಕೆ ಆಗ್ಲಿಲ್ಲ.”

ಅಂಜಿನಪ್ಪ, ನಾಳೆ ಇಲಾಖೆಯ ಸಾಹೇಬರನ್ನು ಕಂಡು ಕುಣಿಗಲ್ ಕಡೆಯ ಜೀಪಿಗೆ ಹಾಕಿಸಿಕೊಳ್ಳುತ್ತೇನೆ ಎಂದ. ಅಲ್ಲಿ ಎಲ್ಲರಿಗೂ ನೀವು ಯಾರೆಂದು ಗೊತ್ತಲ್ಲ, ಮೇಲಿನ ಬೀದಿಗಳಲ್ಲಿ ಪೈಪು ಮುಟ್ಟಲು ಬಿಡುವುದಿಲ್ಲವಲ್ಲ ಎಂದು ಚನ್ನವೀರಯ್ಯ ನೆನಪಿಸಿದ.

“ಬಿಡಲ್ಲ. ಊಟಕ್ಕೂ ಕರೆಯಲ್ಲ.”

ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಇಳಿದು ಅವನು ಊರಿನ ಬಸ್ಸಿಗೆ ಹೋದ.

ಮುಂದಿನ ತಿಂಗಳು ಅಂಜಿನಪ್ಪನನ್ನು ಕುಣಿಗಲ್ಲಿಗೆ ಹಾಕಿದರು. ಮಾರ್ಕೋನಹಳ್ಳಿ ಕಡೆಯ ಕಾಲೋನಿಗಳ ಪಂಪು ಮಾತ್ರ ಅವನು ಬಿಚ್ಚುತ್ತಾನೆ, ಉಳಿದ ಕಡೆ ದೂರ ನಿಂತು ಹೇಳಿಕೊಡುತ್ತಾನೆ ಎಂದು ವೆಂಕಟಯ್ಯ ಸುದ್ದಿ ತಂದ. ಚನ್ನವೀರಯ್ಯ ಎರಡು ಭಾನುವಾರ ಸಂಘಕ್ಕೆ ಹೋಗಲಿಲ್ಲ. ಮೂರನೆಯ ಭಾನುವಾರ ಹೋದ. ಮಾತಾಡಿ ಎಂದರೆ ಇವತ್ತು ಬೇಡ ಎಂದ. ಜೀಪಿಗೆ ತಿಪ್ಪಯ್ಯ ಎಂಬ ಹೊಸ ಫಿಟ್ಟರ್ ಬಂದ. ಅವನ ಬಗ್ಗೆ ಚನ್ನವೀರಯ್ಯ ಏನೂ ವಿಚಾರಿಸಲಿಲ್ಲ.

ಮೊದಲ ದಿನ ಅವರು ಹೋದ ಊರಿನಲ್ಲೂ ನೀರಿಗೆ ಕಾದವರು ಸಾಲಾಗಿ ನಿಂತಿದ್ದರು. ಪೈಪು ಎತ್ತಲು ಜನ ಸಿಕ್ಕಿದ್ದರು. ಹಿರಿಯನೊಬ್ಬ ತಿಪ್ಪಯ್ಯನ ಊರು ಕೇಳಿದ, ಆಮೇಲೆ ಯಾರ ಪೈಕಿ ಎಂದೂ ಕೇಳಿದ. ತಿಪ್ಪಯ್ಯ ಚನ್ನವೀರಯ್ಯನ ಕಡೆ ನೋಡಿದ.

ಚನ್ನವೀರಯ್ಯ ಬಗ್ಗಿ ಮೊದಲನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಬೋಲ್ಟು ತುಕ್ಕು ಹಿಡಿದಿತ್ತು. ತಿಪ್ಪಯ್ಯ ತಾನೇ ಉತ್ತರ ಹೇಳಲಿ ಎಂದು ಅವನು ಅದನ್ನು ತಿರುಗಿಸುತ್ತಲೇ ಇದ್ದ.