ಅಲಾರಂಗೆ ಕವರ್ ತೊಡಿಸಿದ ಲಾಂಡ್ರಿ

ನನ್ನ ತಮ್ಮ ತನ್ನ ಲಾಂಡ್ರಿಯ ನೆಲಮಾಳಿಗೆಯಲ್ಲಿದ್ದ ಗ್ಯಾಸ್ ಅಲಾರಂಗೆ ಇಸ್ತ್ರಿ ಬಟ್ಟೆಯ ಪ್ಲಾಸ್ಟಿಕ್ ಕವರ್ ತೊಡಿಸಿ, ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದ್ದ. ಅವತ್ತು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಇಳಿಯುವ ಮೊದಲೇ ನಿಮಗೆ ಹೇಳಿಬಿಡುತ್ತೇನೆ.

ಆ ಅಲಾರಂ ತಂದುಕೊಟ್ಟವಳು ನಾನೇ. ಅಂಥವುಗಳ ಒಳಗಿನ ಪುಟ್ಟ ಕನ್ನಡಿಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ತಮ್ಮನ ಹೆಂಡತಿಗೆ ಒಂದು ಜ್ವರ ಬಂದು ಹೋದ ಮೇಲೆ ವಾಸನೆಯೇ ತಿಳಿಯದಂತಾಗಿತ್ತು. ಹೋಟೆಲುಗಳ ಹಾಸಿಗೆ ಬಟ್ಟೆ ಒಣಗಿಸುವ ಗ್ಯಾಸ್ ಯಂತ್ರವನ್ನು ದಿನಾ ಬೆಳಿಗ್ಗೆ ಹೊತ್ತಿಸುವವಳು ಅವಳು. ಗ್ಯಾಸ್ ಸೋರಿದರೆ ಅವಳಿಗೆ ಗೊತ್ತಾಗುವುದು ಹೇಗೆ? ಅವಳ ಮೂಗಿನ ಕೆಲಸವನ್ನು ಈ ಡಬ್ಬಿ ಮಾಡಲಿ ಎಂದು ನೆಲದಿಂದ ಒಂದು ಗೇಣು ಮೇಲೆ ಹಾಕಿಸಿದ್ದೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಅದು ನೆಲದ ಮೇಲೇ ಹರಡಿಕೊಳ್ಳುತ್ತದೆ.

ರಜೆಯ ಮರುದಿನ ಬೆಳಿಗ್ಗೆ ಪರದೆ ಒಗೆಯಲು ಕೊಡೋಣವೆಂದು ಅಂಗಡಿಗೆ ಹೋದೆ. ತಮ್ಮ ಕೌಂಟರಿನಲ್ಲಿ ರಸೀದಿ ಹರಿಯುತ್ತಿದ್ದ. "ಅಲಾರಂ ಹೇಗಿದೆಯೋ?" ಎಂದು ಕೇಳಿದೆ.

"ಈಗ ಜಾಣ ಆಗಿದೆ ಅಕ್ಕ," ಎಂದು ನಕ್ಕ. "ಮೊದಲು ಅದರ ಕಾಟ ತಡೆಯೋಕೆ ಆಗ್ತಿರಲಿಲ್ಲ. ರಜೆ ಮುಗಿಸಿ ಬಾಗಿಲು ತೆಗೆದ್ರೆ ಸಾಕು, ಕುಯ್ಯೋ ಅಂತ ಕೂಗೋದು. ಕೆಳಗೆ ಹಬೆ ಜಾಸ್ತಿ ನೋಡು, ಅದಕ್ಕೆ ತಲೆ ಕೆಟ್ಟಿತ್ತು. ಒಂದು ಕವರ್ ಹಾಕಿದೆ, ತೆಪ್ಪಗಾಯ್ತು."

"ಕವರಾ? ಹಬೆಗೆಲ್ಲ ಅದು ಕೂಗಲ್ಲ ಕಣೋ!"

"ನೀನು ಮಾಡಿದ ಡಬ್ಬಿ, ನೀನು ಹಾಗೇ ಅಂತೀಯ. ಹೆತ್ತವರಿಗೆ ಹೆಗ್ಗಣ ಮುದ್ದು."

ನನ್ನ ಮೈ ಉರಿದುಹೋಯಿತು. "ಕೇಳು ಇಲ್ಲಿ. ಅದರೊಳಗೆ ಒಂದು ದೀಪ ಇದೆ. ಬೆಳಕು ಕಣ್ಣಿಗೆ ಕಾಣಲ್ಲ. ಬಿಸಿ ಇಸ್ತ್ರಿಪೆಟ್ಟಿಗೆ ಹತ್ರ ಕೈ ಹಿಡಿದ್ರೆ ಶಾಖ ತಾಗುತ್ತಲ್ಲ, ಆ ಜಾತಿ ಬೆಳಕು. ಗ್ಯಾಸ್ ಅದನ್ನ ನುಂಗುತ್ತೆ. ಎಷ್ಟು ನುಂಗ್ತು ಅಂತ ಇನ್ನೊಂದು ತುದೀಲಿರೋ ಕಣ್ಣು ಅಳೆಯುತ್ತೆ. ಬೆಳಕು ಗಾಳಿಯಲ್ಲಿ ದೂರ ನಡೆದಷ್ಟೂ ಚೂರುಪಾರು ಗ್ಯಾಸೂ ಸಿಕ್ಕಿಬೀಳುತ್ತೆ. ಆದ್ರೆ ದೀಪ ಇರೋ ಆ ಗೂಡು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದಕ್ಕೇ ಬಾಗಿದ ಕನ್ನಡಿ ಇಟ್ಟು, ಚಿನ್ನದ ಲೇಪ ಹಾಕಿ, ಬೆಳಕನ್ನ ಅಷ್ಟರಲ್ಲೇ ಹಿಂದೆ ಮುಂದೆ ಓಡಾಡಿಸ್ತೀವಿ."

"ಚಿನ್ನಾನಾ? ಮೊದಲೇ ಹೇಳಿದ್ರೆ ಬೀರುನಲ್ಲಿ ಇಡ್ತಿದ್ದೆ!"

ನನಗೆ ನಗು ಬರಲಿಲ್ಲ. "ಹಬೆ ಮೋಸ ಮಾಡಬಾರದು ಅಂತಾನೇ ಎರಡು ಕಣ್ಣು ಇಟ್ಟಿದೀವಿ. ಒಂದು ನೋಡೋದು ಗ್ಯಾಸ್ ನುಂಗೋ ಬೆಳಕನ್ನ, ಇನ್ನೊಂದು ಗ್ಯಾಸ್ ಮುಟ್ಟದೇ ಇರೋದನ್ನ. ಕನ್ನಡಿ ಮಂಜಾದ್ರೆ ಎರಡೂ ಒಟ್ಟಿಗೆ ಮಬ್ಬಾಗುತ್ತೆ, ಆಗ ಕೂಗಲ್ಲ. ಮೊದಲನೇದು ಮಾತ್ರ ಮಬ್ಬಾದ್ರೆ ಗ್ಯಾಸ್ ಅಂತ ಅರ್ಥ. ಇಷ್ಟೆಲ್ಲ ಮಾಡಿದ್ದು ನೀನು ಚೀಲ ತೊಡಿಸಲಿ ಅಂತಾನಾ? ಗಾಳಿನೇ ಒಳಗೆ ಹೋಗದಿದ್ರೆ ಅದೇನು ನೋಡುತ್ತೋ, ನಿನ್ನ ಮುಖಾನಾ?"

ಅಷ್ಟು ಹೇಳುವಾಗಲೇ ನನಗೆ ಹೊಳೆಯಿತು. ರಜೆಯ ಮರುದಿನ ಮಾತ್ರ ಕೂಗುತ್ತಿತ್ತಂತೆ. ಅಂದರೆ ಬಾಗಿಲು ಹಾಕಿದ್ದ ದಿನವೆಲ್ಲ ಕೆಳಗೆ ಏನೋ ತುಂಬಿಕೊಳ್ಳುತ್ತಿತ್ತು. ಇವತ್ತೂ ರಜೆಯ ಮರುದಿನವೇ. "ನಿನ್ನ ಹೆಂಡತಿ ಎಲ್ಲಿ?" ಎಂದೆ. "ಕೆಳಗೆ. ಯಂತ್ರ ಹೊತ್ತಿಸೋಕೆ ಹೋದಳು."

ನಾನು ಮೆಟ್ಟಿಲು ಹಾರಿಕೊಂಡೇ ಇಳಿದೆ. ಬ್ಲೀಚಿನ ಘಾಟಿನ ಅಡಿಯಲ್ಲಿ ಗ್ಯಾಸಿನ ಕೊಳೆತ ವಾಸನೆಯೂ ಇತ್ತು. ಅವಳು ಯಂತ್ರದ ಮುಂದೆ ಮಂಡಿಯೂರಿದ್ದಳು, ಕೈಯಲ್ಲಿ ಲೈಟರ್ ಇತ್ತು. "ಹೊತ್ತಿಸಬೇಡ!" ಎಂದು ಕಿರುಚುತ್ತಲೇ ಕವರ್ ಕಿತ್ತೆಸೆದೆ. ಒಳಗೆ ಗಾಳಿ ಹೋಗುತ್ತಿದ್ದಂತೆ ಅಲಾರಂ ಕೂಗಲು ಶುರುಮಾಡಿತು.

"ನೋಡಿದ್ಯಾ, ಮತ್ತೆ ಶುರುವಾಯ್ತು," ಎನ್ನುತ್ತಾ ಹಿಂದೆಯೇ ಬಂದ ತಮ್ಮ, ಹಬೆ ಹೊರಗೆ ಹೋಗಲೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ. ಆ ಕೈ ಮೇಲೆ ಬಲವಾಗಿ ಹೊಡೆದೆ. "ಯಾವ ಸ್ವಿಚ್ಚೂ ಮುಟ್ಟಬೇಡ! ಒಂದು ಕಿಡಿ ಸಾಕು, ಮೂವರೂ ಬೂದಿ!"

ಉರಿಯುತ್ತಿದ್ದ ಬಲ್ಬನ್ನು ಹಾಗೇ ಬಿಟ್ಟು, ಬಾಗಿಲು ತೆರೆದಿಟ್ಟು ಮೇಲೆ ಬಂದೆವು. ಅಂಗಡಿಯ ಹಿಂದಿದ್ದ ಸಿಲಿಂಡರಿನ ವಾಲ್ವ್ ತಿರುಗಿಸಿ ಮುಚ್ಚಿದೆ. ರಸ್ತೆಯ ಆಚೆ ಬದಿಗೆ ಹೋದ ಮೇಲೆ ಗ್ಯಾಸ್ ರಿಪೇರಿಯವನಿಗೆ ಫೋನ್ ಮಾಡಿದೆ.

ಅವನು ಬಂದು, ಗಾಳಿಯಾಡಿದ ಮೇಲೆ ಕೆಳಗಿಳಿದು, ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದ. ಯಂತ್ರದ ಬೆನ್ನಿಗಿದ್ದ ಜೋಡಣೆಯಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. "ಇದು ಇವತ್ತಿನ ಸೋರಿಕೆ ಅಲ್ಲ ಸಾರ್, ಹಳೇದು," ಎಂದ.

ತಮ್ಮನ ಹೆಂಡತಿ ಗಂಡನತ್ತ ತಿರುಗಿದಳು. "ಕೆಳಗೆ ಹೋದ್ರೆ ತಲೆ ತಿರುಗುತ್ತೆ ಅಂದೆ. ನೀರು ಕುಡಿ ಅಂದ್ರಿ. ಇದೂ ಕೂಗಿ ಕೂಗಿ ಹೇಳ್ತು, ಕವರ್ ಹಾಕಿದ್ರಿ. ಬೆಂಕಿ ಹೊತ್ತಿಸೋಳು ನಾನು, ನೋವಾಗಿದ್ದು ನಿಮ್ಮ ಕಿವಿಗೆ!"

"ತಪ್ಪಾಯ್ತು ಕಣೇ," ಎಂದ ತಮ್ಮ, ತಲೆ ಎತ್ತದೆ.

"ಬಾಯಲ್ಲಿ ಹೇಳಿದ್ರೆ ಸಾಲದು. ನಾಳೆಯಿಂದ ನೀವೇ ಇಳಿದು ಹೊತ್ತಿಸಿ."

ಈಗ ಅವನೇ ಹೊತ್ತಿಸುತ್ತಾನೆ. ಮೊದಲು ಬಾಗಿಲು ತೆರೆದು, ಬಗ್ಗಿ ಅಲಾರಮ್ಮಿಗೆ ಗಾಳಿ ಹೋಗುವ ತೂತುಗಳು ತೆರೆದಿವೆಯೇ ಎಂದು ನೋಡಿಯೇ ಮುಂದಿನ ಕೆಲಸ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಇಂಥ ಅಲಾರಂ ಇದ್ದರೆ ಈಗಲೇ ಎದ್ದು ಹೋಗಿ ನೋಡಿ. ಅದರ ಮೇಲೆ ಬಟ್ಟೆ ನೇತುಹಾಕಿದ್ದೀರಾ? ಗೋಡೆಗೆ ಬಣ್ಣ ಹೊಡೆಯುವಾಗ ಅದಕ್ಕೂ ಬಳಿದಿದ್ದೀರಾ? ಬಟ್ಟೆ ತೆಗೆಯಿರಿ. ಬಣ್ಣ ಬಳಿದದ್ದನ್ನು ಕೆರೆಯುತ್ತಾ ಕೂರಬೇಡಿ, ಹೊಸದು ಹಾಕಿಸಿ. ಹೊರಗಿನ ಧೂಳನ್ನು ಒಣಬಟ್ಟೆಯಿಂದ ಒರೆಸಿ, ಒಳಗಿನ ಕನ್ನಡಿಯ ತಂಟೆಗೆ ಹೋಗಬೇಡಿ. ಅದು ಕೂಗಿದರೆ ಬೆಂಕಿ ಬೇಡ, ಸ್ವಿಚ್ಚು ಹಾಕುವುದೂ ಆರಿಸುವುದೂ ಬೇಡ. ಬಾಗಿಲು ತೆರೆಯಿರಿ, ಕೈಗೆ ಸಿಗುವಂತಿದ್ದರೆ ಸಿಲಿಂಡರ್ ಮುಚ್ಚಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ದೂರ ಹೋಗಿ ಫೋನ್ ಮಾಡಿ.

ಆ ಕೂಗು ಕರ್ಕಶ, ನನಗೂ ಗೊತ್ತು. ಅದನ್ನು ಹಾಗೇ ಮಾಡಿದ್ದೇವೆ. ಸಹಿಸಲು ಆಗದಿದ್ದರೆ ಎದ್ದು ಹೊರಗೆ ಓಡಿ. ಅದು ಕೇಳುತ್ತಿರುವುದೂ ಅಷ್ಟೇ.