ಎಂಜಿನ್‌ಗೆ ಹಚ್ಚಿದ ಅರಿಶಿನ

ಭಾಗೀರಥಿಗೆ ಹಡಗೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅದರಲ್ಲೂ ಪ್ರವಾಸಿಗಳಿಗೆ ಅಂಟಾರ್ಕ್ಟಿಕಾದ ಮಂಜುಗಡ್ಡೆ ತೋರಿಸಿಕೊಂಡು ಬರುವ ಹಡಗು! ದುಡ್ಡು ಕೊಟ್ಟು ನಡುಗಲು ಹೋಗುವ ಜನರನ್ನು ನೆನೆದರೆ ಅವಳಿಗೆ ನಗು ಬರುತ್ತಿತ್ತು. ಆದರೆ ಗಂಡ ಯೋಗೀಶನಿಗೆ, ಸಿಡ್ನಿಗೆ ಬಂದು ಎರಡು ವರ್ಷ ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತ ಮೇಲೆ, 1992ರಲ್ಲಿ ಸಿಕ್ಕ ಮೊದಲ ಎಂಜಿನಿಯರ್ ಕೆಲಸ ಅದು. ಹಾಗಾಗಿ ನಗುವನ್ನು ನುಂಗಿಕೊಂಡಿದ್ದಳು.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು. ಎಂಜಿನ್ನನ್ನು ತಂಪಾಗಿಡುವ ನೀರು ಎಲ್ಲೋ ಸೋರುತ್ತಿತ್ತು. ಹನಿ ಬಿಸಿಗೆ ಅಲ್ಲೇ ಆರಿಹೋಗುತ್ತಿದ್ದುದರಿಂದ ಜಾಗ ಮಾತ್ರ ಯಾರಿಗೂ ಪತ್ತೆಯಾಗಲಿಲ್ಲ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಈ ಸಲದ ಯಾನವೇ ರದ್ದು, ಎಲ್ಲರೂ ಮನೆಗೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಅಂಥ ಹೊತ್ತಿನಲ್ಲಿ ಆಯುಧಪೂಜೆ ಬಂತು. ಮೈಸೂರಿನವಳು ಬಿಟ್ಟಾಳೆಯೇ? ಬೆಳಿಗ್ಗೆಯೇ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಬಂದರಿನಲ್ಲಿ ನಿಂತಿದ್ದ ಹಡಗು ಹತ್ತಿದಳು. “ಒಂದು ಬೊಟ್ಟು ಸಾಕು ಕಣೇ” ಎಂದು ಯೋಗೀಶ ಗೋಗರೆದರೂ ಕೇಳದೆ, ಹೊಸ್ತಿಲಿಗೆ ಬಳಿಯುವಂತೆ ಪೈಪುಗಳ ಉದ್ದಕ್ಕೂ ಧಾರಾಳವಾಗಿ ಬಳಿದಳು. ಕುಂಕುಮ ಮನೆಯಲ್ಲೇ ಮರೆತು ಬಂದದ್ದೊಂದು ಕೊರಗು.

ಮಧ್ಯಾಹ್ನ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಂತ ಮೇಲೆ ಚೀಫ್ ಎಂಜಿನಿಯರ್ ನೋರ್ಬರ್ಟ್ ಕೆಳಗಿಳಿದು ಬಂದರು. ಮಂಗಳೂರಿನವರು, ಶಿಸ್ತಿನ ಮನುಷ್ಯ. ನೋಡಿದ್ದೇ ಕೆಂಡಾಮಂಡಲವಾದರು.

“ಎಂತ ಇದು ಯೋಗೀಶ? ಎಂಜಿನ್‌ಗೆ ಮದುವೆಯಾ? ನಾಳೆ ಹಡಗು ಚೆಕ್ ಮಾಡ್ಲಿಕ್ಕೆ ಸರ್ವೇಯರ್ ಬರ್ತಾನೆ ಮಾರಾಯಾ! ಎಲ್ಲ ಒರಸಿ ತೆಗಿ!”

ಯೋಗೀಶನ ಮುಖ ಸಣ್ಣಗಾಯಿತು. ತನ್ನ ಭಕ್ತಿ ಗಂಡನ ಅನ್ನಕ್ಕೇ ಕಲ್ಲು ಹಾಕಿತಲ್ಲ ಎಂದು ಭಾಗೀರಥಿಗೆ ಅಳು ಬಂತು. ತಾನೇ ಬಟ್ಟೆ ಹಿಡಿದು ಒರೆಸತೊಡಗಿದಳು. ಎರಡು ಪೈಪು ಕೂಡುವಲ್ಲಿ ಕೈ ನಿಂತಿತು. ಹಳದಿಯ ನಡುವೆ ತೆಳ್ಳನೆಯ ಕೆಂಪು ಗೆರೆ.

“ರೀ, ನಾನು ಕುಂಕುಮ ತಂದೇ ಇಲ್ಲ. ಇದ್ಯಾಕೆ ಆರತಿ ನೀರಿನ ಥರ ಕೆಂಪಗಾಗಿದೆ? ಸುಣ್ಣ ಏನಾದ್ರೂ ಹಾಕ್ತೀರಾ ಇಲ್ಲಿ?”

ಯೋಗೀಶ ಓಡಿಬಂದು ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. “ಸುಣ್ಣ ಅಲ್ಲ ಕಣೇ! ತುಕ್ಕು ಹಿಡೀಬಾರದು ಅಂತ ನೀರಿಗೆ ಕೆಮಿಕಲ್ ಹಾಕ್ತೀವಿ. ಅದೂ ಸುಣ್ಣದ ಥರ ಕ್ಷಾರಾನೇ. ಸರ್, ಲೀಕ್ ಆಗ್ತಿರೋದು ಇಲ್ಲೇ!”

ನೋರ್ಬರ್ಟ್ ಟಾರ್ಚ್ ಹಿಡಿದು ಬಗ್ಗಿದರು. ಗೆರೆಯ ಕೆಳಗೆ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಬಿರುಕು ಉಗುರಿಗೆ ತಗುಲಿತು. ಸಂಜೆಯೊಳಗೆ ಹೊಸ ಪೈಪು ಕೂತಿತು. ಎಂಜಿನ್ ಮತ್ತೆ ಓಡಿತು, ನೀರಿನ ಮಟ್ಟ ಇಳಿಯಲಿಲ್ಲ.

“ಇನ್ನು ಹೊರಡುವುದೇ!” ನೋರ್ಬರ್ಟ್ ಭಾಗೀರಥಿಗೆ ಕೈಮುಗಿದರು. “ನಾಲ್ಕು ತಿಂಗಳು ನಿಮ್ಮ ಯಜಮಾನರು ಮಂಜಿನಲ್ಲಿ, ಆಯ್ತಾ?”

ನಾಲ್ಕು ತಿಂಗಳು! ಸಂಭ್ರಮದಲ್ಲಿ ಅವಳಿಗೆ ಅದು ಹೊಳೆದೇ ಇರಲಿಲ್ಲ. ಗಂಡನನ್ನು ತನ್ನ ಕೈಯಾರೆ ಅಷ್ಟು ದೂರ ಕಳಿಸಿಕೊಡುತ್ತಿದ್ದಳು. ಯೋಗೀಶನ ಕಡೆ ನೋಡಿದಳು. ಕೈತುಂಬ ಗ್ರೀಸು ಮೆತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತು ನಗುತ್ತಿದ್ದ. ಈ ದೇಶಕ್ಕೆ ಬಂದ ಮೇಲೆ ಅವನು ಹಾಗೆ ನಕ್ಕಿದ್ದನ್ನು ಅವಳು ಕಂಡೇ ಇರಲಿಲ್ಲ.

“ಹೋಗ್ ಬನ್ನಿ” ಎಂದಳು, ಕಣ್ಣೊರೆಸಿಕೊಂಡು. “ನಾನಿರ್ತೀನಿ.”