ಕೆಂಪು ಗುಡ್ಡ, ಬೂದು ಬಯಲು

ಇದು ನಡೆದ ಕಥೆ, ಓಡಿಸಿಕೊಂಡು ಕೇಳುವವರಿಗಲ್ಲ.

ಓಡಿಸುವವನ ಹೆಸರು ಅತುಲ, ನನ್ನ ಗೆಳೆಯ. ಉದ್ದನೆಯ ಧ್ವನಿಮುದ್ರಣಗಳನ್ನು ಕಣ್ಣಿನಿಂದಲೇ ಕೇಳಿ ಮುಗಿಸುವ ಆ್ಯಪ್ ಒಂದನ್ನು ಕಟ್ಟಿದ್ದ. ತೆರೆಯ ಮೇಲೆ ಸದ್ದು ಗುಡ್ಡದ ಸಾಲಿನಂತೆ ಮೂಡುತ್ತದೆ. ಜೋರಾದ, ಎತ್ತರದ್ದು ಕೆಂಪು, ಅದು ಸಾರ. ಮೆಲ್ಲನೆಯ, ತಗ್ಗಿನದು ಬೂದು, ಅದು ಕಸ. ಕೆಂಪಿನಿಂದ ಕೆಂಪಿಗೆ ಜಿಗಿಯಲು ಒಂದು ಗುಂಡಿ. ಆ ಗುಂಡಿ ಎಷ್ಟು ದುಂಡಗಿರಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು ಒಂದು ಗಾಯನವನ್ನಾದರೂ ಕೊನೆಯವರೆಗೆ ಕೇಳಿರಲಿಲ್ಲ. ನಿಧಾನಲಯದ ವಿಲಂಬಿತವೆಂದರೆ ಅವನಿಗೆ ವಿಳಂಬ.

ಕೆಲಗೇರಿಯ ಅವನ ಕಾಕಾ ಪಂಢರಿನಾಥರು ತಮ್ಮ ಪಡಸಾಲೆಯಲ್ಲಿ ನಡೆದ ಗಾಯನಗಳನ್ನೆಲ್ಲ ಮುದ್ರಿಸಿಟ್ಟವರು. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹೋಗಿದ್ದವು. ಉಳಿದ ಪ್ರತಿ ಅತುಲನ ಕಂಪ್ಯೂಟರಿನಲ್ಲಿ ಮಾತ್ರ. ಜಾಗ ಉಳಿಸಲು ಅದರ ಬೂದು ಭಾಗವನ್ನೆಲ್ಲ ಅಳಿಸಲು ಅವನು ಹೊರಟ.

ಆ ಪಡಸಾಲೆಯ ಕೇಳುಗರೋ, ಸ್ವರ ಮನಸ್ಸಿಗೆ ತಾಗಿದರೆ ಉಸಿರು ಬಿಗಿಹಿಡಿದು ಕೂಡುವವರು. ಗದ್ದಲ ಏಳುವುದು ಚಿವಡಾ, ಚಹಾ ಬಂದಾಗ. ಹಾಗಾಗಿ ಮೆಲ್ಲನೆಯ ಗಾಯನ ಬೂದಿಗೆ ಹೋಗಿ, ಆ ಗದ್ದಲವೇ ಕೆಂಪಾಗುತ್ತಿತ್ತು.

"ನಿನ್ನ ಸಾರದಾಗ ಬರೇ ಕಪ್ಪು-ಬಸಿ ಸಪ್ಪಳ ಅದ ಅಲ್ಲೋ," ಎಂದರು ಕೆಂಪನ್ನು ಕೇಳಿನೋಡಿದ ಕಾಕಾ.

"ಇಡೀದು ಕೇಳ್ಲಿಕ್ಕೆ ಯಾರಿಗೆ ಪುರಸೊತ್ತದ ಕಾಕಾ? ರವಿವಾರ ಹೊಸಾ ರೆಕಾರ್ಡಿಂಗ್ ಮ್ಯಾಲೆ ತೋರಸ್ತೇನಿ. ಆವತ್ತಽ ಅಳಿಸಿಬಿಡೋಣ."

ಆ ಹೊಸ ಮುದ್ರಣದ ಕೆಲಸ ನನ್ನ ಪಾಲಿಗೆ ಬಂತು. ಯಾರ ದನಿಯನ್ನಾದರೂ ಅಣಕಿಸಬಲ್ಲ ನಾನು, ನಿಜವಾದ ಗಾಯನ ಮುದ್ರಿಸುವ ಬದಲು, ಒಬ್ಬನೇ ಕೂತು ಇಡೀ ಗಾಯನದ ಬೈಠಕ್ಕನ್ನು ಬಾಯಲ್ಲೇ ನಡೆಸಿದೆ: ಕೆಮ್ಮು, ತಂಬೂರಿ, ಕಾಕಾನ ಹೆಂಡತಿ ಕಾಕುವಿನ "ಸಕ್ಕರಿ ಸಾಕೇನ್ರಿ". ನಡುವೆ, ತೀರ ತಗ್ಗಿದ ದನಿಯಲ್ಲಿ, ನಾಲ್ಕು ಮಾತು ಸೇರಿಸಿದೆ.

ರವಿವಾರ ಅತುಲ ಪಡಸಾಲೆಗೆ ಬಂದ. ಮುಂದೆ ಚರಿತ್ರೆಗೆ ಬೇಕಾದೀತೆಂದು ತನ್ನ ಮಾತನ್ನೂ ಫೋನಿನಲ್ಲಿ, ಅದೇ ಆ್ಯಪಿನಲ್ಲಿ, ಮುದ್ರಿಸಲು ಇಟ್ಟ. ಕಂಪ್ಯೂಟರಿನಲ್ಲಿ ನನ್ನ ಮುದ್ರಣ ತೆರೆದು ಜಿಗಿಯುವ ಗುಂಡಿ ಒತ್ತಿದ. ಕೆಮ್ಮು. ಸಕ್ಕರೆ. ಕೆಮ್ಮು. ಮುಗಿಯಿತು ಬೈಠಕ್.

"ಬೂದಿನ್ಯಾಗ ಏನೂ ಇಲ್ಲಂತ ಖಾತ್ರಿ ಏನಪಾ?" ಎಂದೆ.

"ಏನರೆ ಕೆಲಸದ್ದು ಸಿಕ್ಕರ ಕಾಕಾನ ಒಂದು ಫೈಲೂ ಮುಟ್ಟಂಗಿಲ್ಲ. ಒತ್ತಿ ನೋಡ್ರಿ ಬೇಕಾದ್ರ."

ಕಾಕಾ ಬೂದಿನ ಮೇಲೆ ಬೆರಳಿಟ್ಟರು. ಅತುಲನದೇ ದನಿ, ಅವನದೇ ಮೂಗಿನ ರಾಗದಲ್ಲಿ, ಮೆಲ್ಲಗೆ ಹೊರಟಿತು: "ನಾ ಅತುಲರೀ. ಸಾಲ್ಯಾಗ ದಪ್ಪಕ್ಷರ ಅಷ್ಟಽ ಓದಿ ಪಾಸಾದಾಂವ. ಈಗ ಕಾಕಾನ ಮನಿ ಗಾಯನ ಅಳಿಸಿ ಚಹಾ ಉಳಸ್ಲಿಕ್ಕೆ ಹೊಂಟೇನಿ. ಯಾರರೆ ನನ್ನ ಕೈ ಹಿಡೀರಿ."

ಕಾಕು ಸೆರಗನ್ನು ಬಾಯಿಗೊತ್ತಿಕೊಂಡರು. ಕಾಕಾ ಅತುಲನ ಮುಖ ನೋಡಿದರು, ಅತುಲ ನನ್ನದು.

"ಬುಧವಾರಽ ನಿನ್ನ ಕೈಗೆ ಕೊಟ್ಟಿದ್ನಲ್ಲೋ," ಎಂದೆ. "ಒಮ್ಮೆರೆ ಕೇಳಬೇಕಿತ್ತು."

"ಸಾರ ಕೇಳಿದ್ದೆ."

ಹಾಗೆಂದದ್ದು ತನ್ನ ಕಿವಿಗೇ ಬಿದ್ದು ಅತುಲನಿಗೆ ನಗು ಒಡೆಯಿತು. ಅಳಿಸುವ ಗುಂಡಿಯಿಂದ ಕೈ ತೆಗೆದು ಹೊಟ್ಟೆ ಹಿಡಿದುಕೊಂಡ. ಎಲ್ಲರೂ ನಕ್ಕೆವು, ಎಲ್ಲರ ದನಿಯನ್ನೂ ಮುಚ್ಚುವಂತೆ ಅವನು ನಕ್ಕ. ಇನ್ನೂ ಮುದ್ರಿಸುತ್ತಲೇ ಇದ್ದ ಫೋನಿನಲ್ಲಿ ಕೆಂಪು ಗುಡ್ಡವೊಂದು ಎದ್ದು ತೆರೆಯ ಅಂಚು ಮುಟ್ಟಿತು.